ಹಾಡು ಕೇಳಿ ಆರಿಸಿದ ಸೆಟ್

ಎರಡನೇ ಮಹಾಯುದ್ಧ ಮುಗಿದ ಹೊಸತರಾಗ ಹುಬ್ಬಳ್ಳಿಯ ಒಂದು ರೇಡಿಯೋ ಅಂಗಡ್ಯಾಗ ನಾ ಕೆಲಸಕ್ಕಿದ್ದೆ. ಸಣ್ಣ ವಿಮಾನ ಹಾರಸೋ ಪೈಲಟ್ ಒಬ್ರು ಬಂದು, "ವಿಮಾನದಾಗ ಇಡಾಕ ಒಂದು ಛಲೋ ಸೆಟ್ ಆರಿಸಿ ಕೊಡ್ರಿ" ಅಂದ್ರು. ನಾ ಧಾರವಾಡದಾಂವ, ನನ್ನ ಕಿವಿ ಮ್ಯಾಲ ನನಗ ಭಾಳ ಸೊಕ್ಕು. ನಾಕು ಸೆಟ್‌ನ್ಯಾಗೂ ಆಗ ಬರ್ತಿದ್ದ ಒಂದೇ ಖಯಾಲ್ ಹಾಡು ಹಚ್ಚಿ ಕೇಳಿ, ತಂಬೂರಿ ನಿಚ್ಚಳ ಕೇಳಿಸಿದ್ದನ್ನ ಅವರ ಮುಂದಿಟ್ಟೆ.

ಅವರು ಅದನ್ನ ಹಿಂದ ಮುಂದ ತಿರುವಿ ನೋಡಿದ್ರು. "ಮಾತಾಡೋ ಮೈಕ್ ಎಲ್ಲೈತ್ರಿ?"

ಇರ್ಲಿಲ್ಲ. ಅದು ಬರೇ ಕೇಳೋ ಸೆಟ್.

"ಹಾಡು ಛಲೋ ಬರ್ತೈತ್ರಿ" ಅಂದ್ರು ಮೆತ್ತಗ. "ಆದ್ರ ಕೆಳಗ ಇಳೀಲೇನು ಅಂತ ಯಾರನ್ನ ಕೇಳ್ಲಿ? ಹಾಡೋವ್ರನ್ನೇನು?"

ನಾ ಆ ಸೆಟ್ ಎತ್ತಿ ತಿರುಗಿ ಕಪಾಟಿನ್ಯಾಗ ಇಟ್ಟೆ.

ಸಂಜಿಗೆ ಮನ್ಯಾಗ ಹೆಂಡತಿ ರೇಡಿಯೋ ಹಚ್ಚಿದ್ಲು. ಬಂದ್ ಮಾಡು ಅಂದೆ.

"ಯಾಕ್ರಿ, ಅಪಸ್ವರ ಬಂತೇನು?"

"ಹೂಂ" ಅಂದೆ. ಯಾರದು ಅಂತ ಹೇಳ್ಲಿಲ್ಲ.