ನೀರಿನ ಮಡಕೆಯ ಪಕ್ಕದ ಡಬ್ಬಿ

ಮೂವತ್ತು ವರ್ಷ ಗಾಡಿಗಳ ಕೆಳಗೆ ಮಲಗಿ, ಹಿಂದೂಪುರದ ತನ್ನ ಶೆಡ್ಡಿನ ನೆಲದ ತಗ್ಗುಗಳೆಲ್ಲ ಮೆಕ್ಯಾನಿಕ್ ಆಂಜನಪ್ಪನ ಬೆನ್ನಿಗೆ ಬಾಯಿಪಾಠವಾಗಿದ್ದವು. ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಬೇಸಿಗೆಯ ಹೊತ್ತಿಗೆ, ಎದ್ದು ನಿಲ್ಲಲು ಅವನು ಗಾಡಿಯ ಚಕ್ರವನ್ನೇ ಹಿಡಿಯಬೇಕಾಗುತ್ತಿತ್ತು.

ಓಬುಳಪತಿ ತನ್ನ ಪಿಕಪ್ಪಿನಲ್ಲಿ ಕಲ್ಯಾಣದುರ್ಗಕ್ಕೆ ನೂಲಿನ ಗಂಟು ಒಯ್ದು, ಕಡಲೆಕಾಯಿ ಮೂಟೆ ತರುತ್ತಿದ್ದ. ಆ ಮಂಗಳವಾರ ಪೆನುಕೊಂಡದ ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ, ಗಾಡಿ ಹುಣಸೆಮರದ ಬುಡದ ಮಣ್ಣುದಿಬ್ಬಕ್ಕೆ ನುಗ್ಗಿ ನಿಂತಿತು. ಅರ್ಧ ಗಂಟೆ ಬಿಟ್ಟು ತುಳಿದರೆ ಬ್ರೇಕು ಸರಿಯಾಗೇ ಇತ್ತು. ಹಾಗಾದರೆ ಕೆಟ್ಟದ್ದು ತನ್ನ ಕಾಲು, ವಯಸ್ಸಾಯಿತು ಎಂದುಕೊಂಡ ಓಬುಳಪತಿ. ಬೆಳುಗುಪ್ಪ ಊರಿನವರು ಕೊಳ್ಳಲು ಕೇಳುತ್ತಿದ್ದಾರೆ, ಗುರುವಾರ ಗಾಡಿ ಮಾರಿಬಿಡುತ್ತೇನೆ, ಒಂದು ಸಲ ನೋಡಿಡು ಎಂದು ಶೆಡ್ಡಿಗೆ ತಂದುಬಿಟ್ಟ. ಗಾಡಿಯ ಬೀಗದ ಕೈ ಎರಡು ಸಲ ಕೊಟ್ಟು ಎರಡು ಸಲ ಹಿಂದಕ್ಕೆ ತೆಗೆದುಕೊಂಡು, ಮೂರನೆಯ ಸಲ ಬಿಟ್ಟುಹೋದ.

ಆಂಜನಪ್ಪ ಎಲ್ಲ ಬಿಚ್ಚಿ ನೋಡಿದ. ಎಲ್ಲೂ ಸೋರಿಲ್ಲ. ಹೋದ ತಿಂಗಳು ತಾನೇ ಬದಲಿಸಿದ್ದ ಬ್ರೇಕ್ ಆಯಿಲ್‌ನ ಬಣ್ಣವೂ ಕೆಟ್ಟಿರಲಿಲ್ಲ. ಆದರೂ ಹೊಸದು ಹಾಕೋಣವೆಂದು ಸ್ಪೇರ್‌ಪಾರ್ಟ್ಸ್ ಅಂಗಡಿಗೆ ಹೋಗಿ, ಗಾಡಿಯ ಬ್ರೇಕ್ ಆಯಿಲ್ ಡಬ್ಬದ ಮುಚ್ಚಳದ ಮೇಲೆ ಬರೆದಿರುವ ಡಾಟ್ ಮೂರು ನಂಬರಿನದನ್ನೇ ಕೊಡು ಎಂದ. ಹೋದ ತಿಂಗಳು ಹಾಕಿದ್ದೂ ಹೋದ ವರ್ಷ ಒಯ್ದ ಡಬ್ಬಿಯದೇ, ಅದರಲ್ಲಿನ್ನೂ ಉಳಿದಿದೆ ಎಂದು ಕೇಳಿ ಅಂಗಡಿಯ ಶ್ರೀರಾಮುಲು ಬೆರಗಾದ. ತೆರೆದಿಟ್ಟರೆ ಅದು ತೇವ ಕುಡಿಯುತ್ತದೆ. ಇಳಿಜಾರಿನಲ್ಲಿ ಬ್ರೇಕು ತುಳಿದು ತುಳಿದು ಬಿಸಿಯಾದರೆ ಆ ನೀರು ಆವಿಯಾಗಿ ಬ್ರೇಕು ಹೋಗುತ್ತದೆ, ಆರಿದರೆ ಬರುತ್ತದೆ ಎಂದ.

ಆ ಡಬ್ಬಿ ಮನೆಯಲ್ಲಿತ್ತು. ಶೆಡ್ಡಿನ ತಗಡು ಕಾಯುತ್ತದೆಂದು ಆಂಜನಪ್ಪನೇ ಅದರ ಬಾಯಿಗೆ ಬಟ್ಟೆ ತುರುಕಿ, ನೀರಿನ ಮಡಕೆಯ ಪಕ್ಕದ ಒದ್ದೆ ಮರಳಿನಲ್ಲಿ ಹೂತಿಟ್ಟಿದ್ದ. ಅವನ ತಾಯಿ ಕಡಲೆಕಾಯಿ ಎಣ್ಣೆಯ ಜಾಡಿಯನ್ನು ಹಾಗೇ ಇಡುತ್ತಿದ್ದಳು. ಈಗ ಮನೆಗೆ ಬಂದು ಒಂದು ಲೋಟ ನೀರಿಗೆ ಆ ಆಯಿಲ್ ಸುರಿದು ಕಲಕಿದ. ಕಡಲೆಕಾಯಿ ಎಣ್ಣೆಯಂತೆ ತೇಲಲಿಲ್ಲ, ಎರಡೂ ಒಂದಾಗಿಹೋದವು. ಅದೇನೆಂದು ಹೆಂಡತಿ ರಂಗಲಕ್ಷ್ಮಮ್ಮ ಕೇಳಿದಳು. ಅವನು ಲೋಟವನ್ನು ಹಿತ್ತಿಲಿಗೆ ಒಯ್ದು ಚೆಲ್ಲಿದ.

ಹೇಳದಿದ್ದರೂ ನಡೆಯುತ್ತಿತ್ತು. ಬೆಳುಗುಪ್ಪದವರಿಗೆ ಒಳ್ಳೆಯ ಬ್ರೇಕು, ತನಗೆ ಮೂವತ್ತು ವರ್ಷದ ಹೆಸರು. ಓಬುಳಪತಿ ಮಾತ್ರ ತನ್ನ ಕಾಲನ್ನು ದೂರುತ್ತಾ ಮನೆಯಲ್ಲಿ ಕೂರುತ್ತಿದ್ದ.

ಗುರುವಾರ ಬೆಳಿಗ್ಗೆ ಓಬುಳಪತಿ ಬಂದಾಗ ಆಂಜನಪ್ಪ ಗಾಡಿಯ ಕೆಳಗಿದ್ದ.

“ಹತ್ತಿ ಕೂತ್ಕಳಪ್ಪ. ಬ್ರೇಕ್ ತುಳಿ.”

“ಈ ಕಾಲಲ್ಲಾ? ಆ ಹುಣಸೆಮರಾನ ಕೇಳ್ನೋಡಣ್ಣ, ಅದು ಹೇಳ್ತದೆ.”

“ನಿನ್ ಕಾಲ್ದೇನೂ ತಪ್ಪಿಲ್ಲ ಕಣಪ್ಪ. ನಾನ್ ಹಾಕಿದ್ ಆಯಿಲ್ ನೀರು ಕುಡ್ದಿತ್ತು. ಮಡಕೆ ಹತ್ರ ಮಡಗಿದ್ದೆ.”

ಕೆಳಗಿನಿಂದ ಕಾಣುತ್ತಿದ್ದದ್ದು ಓಬುಳಪತಿಯ ಪಾದಗಳು ಮಾತ್ರ. ಒಂದು ಚಪ್ಪಲಿಗೆ ತಂತಿ ಸುತ್ತಿತ್ತು. ಅವು ಗಾಡಿಯ ಬಾಗಿಲಿನತ್ತ ತಿರುಗಿದವು.

“ಎರಡು ದಿನದಿಂದ ಹೆಂಡ್ತಿ ಕೈಲಿ ಕಾಲು ತಿಕ್ಕಿಸ್ಕಂಡಿದ್ದೇ ಬಂತು,” ಎಂದ ಓಬುಳಪತಿ. ಪಾದಗಳು ಮೇಲೆ ಹೋದವು.

ಅವನು ತುಳಿದು ಹಿಡಿದಾಗ ಆಂಜನಪ್ಪ ಚಕ್ರದ ಹಿಂದಿನ, ಆಯಿಲ್ ಹೊರಬಿಡುವ ನಿಪ್ಪಲ್ ಸಡಿಲಿಸಿ ಹಳೆಯದನ್ನು ಬಾಟಲಿಗೆ ಬಿಟ್ಟು, ಮತ್ತೆ ಬಿಗಿದ. ದೂರದ ಹಿಂಚಕ್ರದಿಂದ ಶುರುಮಾಡಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಬಿಸಿಲೇರಿತ್ತು. ಕೊನೆಯ ಗುಳ್ಳೆ ಹೋಯಿತು. ಪೆಡಲ್ ಓಬುಳಪತಿಯ ಕಾಲಿಗೆ ಗಟ್ಟಿಯಾಗಿ ಸಿಕ್ಕಿತು. ಆಂಜನಪ್ಪ ಗಾಡಿಯ ಕೆಳಗಿನಿಂದ ಸರಿದು ಪಕ್ಕದ ನೆಲದಲ್ಲೇ ಕೂತ.

ಬೆಳುಗುಪ್ಪದವರು ಬಂದರು. ಓಬುಳಪತಿ ಇಳಿಯಲಿಲ್ಲ, ಕಲ್ಯಾಣದುರ್ಗಕ್ಕೆ ನೂಲು ಹೋಗಬೇಕು ಎಂದಷ್ಟೇ ಹೇಳಿ ಗಾಡಿ ಹೊರಡಿಸಿದ.

ಹಿಡಿದು ಏಳಲು ಚಕ್ರವಿರಲಿಲ್ಲ. ಆಂಜನಪ್ಪ ನೆಲಕ್ಕೆ ಕೈಯೂರಿ, ನಿಧಾನವಾಗಿ ಎದ್ದ.