ಆಪಾ ಗಿಟಾರಿಗೆ ಹೊಸ ಪಿಕಪ್ ಹಾಕಿಸಿದ್ದು

ಆಪಾ ಅವರ ಎಡಗೈ ಬೆರಳುಗಳ ತುದಿ ಜಡ್ಡುಗಟ್ಟಿ ಮಿರುಗುತ್ತಿತ್ತು. ಹಂಚಿನ ಮೇಲಿನ ರೊಟ್ಟಿಯನ್ನು ಮಾತು ನಿಲ್ಲಿಸದೆ ಆ ಬೆರಳುಗಳಿಂದಲೇ ಮಗುಚಿ ಹಾಕುತ್ತಿದ್ದರು. ಸುಡುವುದಿಲ್ಲವೇ ಎಂದು ಒಮ್ಮೆ ಕೇಳಿದೆ. "ಈ ಕೈ ಸುಡಲ್ಲ ಕಣಮ್ಮ, ಸುಡೋದು ಇದು" ಎಂದು ಬಲಗೈ ಎತ್ತಿ ತೋರಿಸಿ ನಕ್ಕರು. ವರ್ಷಗಟ್ಟಲೆ ಉಕ್ಕಿನ ತಂತಿ ಒತ್ತಿದ ಬೆರಳುಗಳವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆ ಬೆರಳುಗಳನ್ನು ಹತ್ತಿರದಿಂದ ನೋಡಿದ ಯಾರೂ ಆಕೆ ಗಿಟಾರನ್ನು ಅಲಂಕಾರಕ್ಕೆ ಹಿಡಿದಿದ್ದರು ಎಂದು ಹೇಳಲಾರರು. ಆದರೆ ಹಾಗೆ ಹೇಳಿದವರಿದ್ದಾರೆ.

ನಾನು ಕೆ.ಆರ್. ನಗರದವಳು. ಮದುವೆ, ರಾಜ್ಯೋತ್ಸವ, ಗಣಪತಿ ಕೂರಿಸಿದ ಕಡೆಗಳಲ್ಲಿ ಹಾಡುವ ಒಂದು ಆರ್ಕೆಸ್ಟ್ರಾದಲ್ಲಿ ಗಾಯಕಿಯಾಗಿದ್ದೆ. ಆಪಾ ಅದೇ ತಂಡದಲ್ಲಿ ಗಿಟಾರ್ ನುಡಿಸುತ್ತಿದ್ದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ಹುಣಸೂರಿನಲ್ಲಿ ಅವರ ಅಣ್ಣನಿಗೆ ಮರಗೆಲಸದ ಅಂಗಡಿ, ಅದರ ಹಿಂದೆಯೇ ಮನೆ. ತಂದೆ ಮದುವೆ ಬ್ಯಾಂಡಿನಲ್ಲಿ ಬ್ಯಾಂಜೋ ಬಾರಿಸುತ್ತಿದ್ದರಂತೆ. ಮಗಳಿಗೆ ತಂತಿಯ ಹುಚ್ಚು ಅಲ್ಲಿಂದ ಹತ್ತಿದ್ದು. ಮನೆಯಲ್ಲಿ ಚಿಕ್ಕವರೆಲ್ಲ ಆಪಾ, ಅಂದರೆ ಅಕ್ಕ, ಎನ್ನುತ್ತಿದ್ದುದರಿಂದ ತಂಡದಲ್ಲಿ ನಮಗೆಲ್ಲ ಅವರು ಆಪಾ. ಮಾಲೀಕರಿಗೂ ಆಪಾ.

ಸಿಟ್ಟಿನ ಹೆಂಗಸು. ತಾಳ ತಪ್ಪಿ ಚಪ್ಪಾಳೆ ತಟ್ಟುವ ಸಭಿಕರನ್ನೂ ವೇದಿಕೆಯಿಂದಲೇ ಗುರಾಯಿಸುತ್ತಿದ್ದರು. ವ್ಯಾನು ಗುಂಡಿಯಿಂದ ಗುಂಡಿಗೆ ಎಗರುವಾಗಲೂ ಕಿವಿಯನ್ನು ಗಿಟಾರಿನ ಮರಕ್ಕೆ ಒತ್ತಿಕೊಂಡು ಶ್ರುತಿ ಮಾಡುತ್ತಿದ್ದರು. ಆಗ ಯಾರಾದರೂ ಜೋರಾಗಿ ನಕ್ಕರೆ ಅವರಿಗೆ ಆ ದಿನ ಆಪಾ ತಂದ ಖೀಮಾ ಸಮೋಸ ಇಲ್ಲ. ಪಿರಿಯಾಪಟ್ಟಣದಲ್ಲಿ ಯಾರೋ ಸ್ಥಳೀಯ ಚಾನಲ್ಲಿನವರು ಮೈಕು ಹಿಡಿದು, "ಮೇಡಂ, ನೀವು ಗಿಟಾರ್ ಹಿಡಿಯೋದಕ್ಕೆ ಮನೇಲಿ ಒಪ್ಪಿದ್ರಾ?" ಎಂದು ಕೇಳಿದ್ದರು. "ಮನೇಲಿ ಯಾವತ್ತೋ ಒಪ್ಪಿದ್ರು. ನೀವು ಒಪ್ಪೋದು ಯಾವಾಗ ಅಂತ ಕಾಯ್ತಾ ಇದೀನಿ" ಎಂದರು ಆಪಾ. ಅದು ಪ್ರಸಾರವಾಗಲಿಲ್ಲ.

ಆ ಊರಿನ ಕಾರ್ಯಕ್ರಮ ಮುಗಿದ ಮೇಲೆಯೇ ಮಾಲೀಕರು ಎಲ್ಲರ ಮುಂದೆ ಮಾತು ತೆಗೆದರು. "ಆಪಾ, ನಿಮ್ಮ ಗಿಟಾರು ಕೀ ಅಂತ ವಿಷಲ್ ಹೊಡೀತದೆ. ದೊಡ್ಡ ಸ್ಪೀಕರಲ್ಲಿ ಜನಕ್ಕೆ ಕಿವಿ ನೋವು. ಅದ್ಕೇ ಸೌಂಡಿನವನಿಗೆ ಹೇಳಿ ಸ್ವಲ್ಪ ಕಮ್ಮಿ ಇಡ್ಸಿದೀನಿ. ಬೇಜಾರ್ ಮಾಡ್ಕೋಬೇಡಿ."

ಆಪಾ ಬೇಜಾರು ಮಾಡಿಕೊಳ್ಳಲಿಲ್ಲ. ಅದೇ ನನ್ನ ಹೊಟ್ಟೆ ಉರಿಸುವುದು. ಎಲ್ಲರ ಮೇಲೂ ಹರಿಹಾಯುವ ಆಪಾ ಅಂದು ತಲೆತಗ್ಗಿಸಿ, "ಹೌದು, ನನ್ನ ಕಾಲ ಹತ್ರದ ಚಿಕ್ಕ ಸ್ಪೀಕರಲ್ಲೂ ಹೊಡೀತದೆ. ನಾನು ಸರಿ ಮಾಡಿಸ್ತೀನಿ" ಎಂದರು. ಗಿಟಾರಿನ ತಪ್ಪನ್ನು ತಮ್ಮ ತಪ್ಪು ಎಂದುಕೊಂಡರು.

ಎಲೆಕ್ಟ್ರಿಕ್ ಗಿಟಾರಿನ ತಂತಿಗಳ ಕೆಳಗೆ ಪಿಕಪ್ ಎಂಬ ಚಿಕ್ಕ ಪೆಟ್ಟಿಗೆ ಇರುತ್ತದೆ. ಅಯಸ್ಕಾಂತ, ಅದರ ಸುತ್ತ ಕೂದಲಿನಷ್ಟು ಸಣ್ಣ ತಂತಿಯ ಸುರುಳಿ. ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ದಾಟಿಸುವುದು ಅದೇ. ಆಪಾ ಅವರ ಗಿಟಾರಿನಲ್ಲಿದ್ದದ್ದು ಹಂಬಕರ್ ಎಂಬ ಬಗೆಯದು, ಎರಡೆರಡು ಸುರುಳಿ ಇರುವಂಥದ್ದು. ಕರೆಂಟಿನ ಗುಂಯ್ ಸದ್ದನ್ನು ಒಂದು ಸುರುಳಿ ಇನ್ನೊಂದರ ಜೊತೆ ಸೇರಿ ಹೊಡೆದುಹಾಕುತ್ತದೆ. ಆದರೆ ಅಗ್ಗದ ಮಾಲು. ಸುರುಳಿಗೆ ಮೇಣ ಕುಡಿಸಿರಲಿಲ್ಲವಾದ್ದರಿಂದ ಸ್ಪೀಕರ್ ಜೋರಾದಾಗ ಸುರುಳಿಯೇ ನಡುಗಿ ಕೂಗುತ್ತಿತ್ತು. ಇದೆಲ್ಲ ಆಪಾ ನನಗೆ ವ್ಯಾನಿನಲ್ಲಿ ಹೇಳಿಕೊಟ್ಟ ಪಾಠ. "ಈಗ ಹಾಕೋದು ಮೇಣದಲ್ಲಿ ಅದ್ದಿದ್ದೇ ಆಗಿರಬೇಕು. ಆದ್ರೆ ಯಾವ್ದು? ಅದೇ ನನಗೆ ತಲೆನೋವು" ಎನ್ನುತ್ತಿದ್ದರು.

ತಲೆನೋವು ತಿಂಗಳುಗಟ್ಟಲೆ ನಡೆಯಿತು. ಮೊಬೈಲಿನಲ್ಲಿ ಕೇಳಿದರೆ ಎಲ್ಲ ಒಂದೇ ಥರ ಕೇಳಿಸುತ್ತಿತ್ತು. ಕೊನೆಗೆ ಒಂದು ಬೆಳಿಗ್ಗೆ ಆಪಾ, ಅವರ ಅಣ್ಣ, ನಾನು ಮೂವರೂ ಮೈಸೂರಿನ ಒಂದು ವಾದ್ಯದಂಗಡಿಗೆ ಹೋದೆವು. ಆಪಾ ಹೆಗಲಲ್ಲಿ ಗಿಟಾರ್. ಅಣ್ಣನ ಕೈ ಖಾಲಿ. ಅಂಗಡಿಯವನು ಅಣ್ಣನ ಮುಖ ನೋಡಿ, "ಹೇಳಿ ಸರ್, ಮಗನಿಗಾ?" ಎಂದ.

"ನನಗೆ" ಎಂದರು ಆಪಾ.

"ಮಗ ಮೆಟಲ್ ಮ್ಯೂಸಿಕ್ ನುಡಿಸ್ತಾನಾ ಸರ್? ಹಾಗಿದ್ರೆ ಇದು ತಗೊಳ್ಳಿ. ಸೆರಾಮಿಕ್ ಮ್ಯಾಗ್ನೆಟ್, ಫುಲ್ ಔಟ್‌ಪುಟ್" ಎಂದು ಅಣ್ಣನ ಮುಂದೆ ಡಬ್ಬಿ ಇಟ್ಟ.

ಅಣ್ಣ ಪಾಪದ ಮನುಷ್ಯ. "ನಂಗೇನೂ ಗೊತ್ತಿಲ್ಲ ಕಣ್ರೀ, ಅವಳ್ನ ಕೇಳಿ" ಎಂದರು. ಆಗಲೂ ಅಂಗಡಿಯವನ ಕಣ್ಣು ಆಪಾ ಕಡೆ ತಿರುಗಲಿಲ್ಲ. ಅದನ್ನು ಯಾವುದಾದರೂ ಗಿಟಾರಿನಲ್ಲಿ ಹಾಕಿ ಕೇಳಿಸುತ್ತೀರಾ ಎಂದು ಆಪಾ ಕೇಳಿದ್ದಕ್ಕೆ, "ಡೆಮೋ ಎಲ್ಲ ಇಲ್ಲ ಮೇಡಂ. ನಿಮಗ್ಯಾಕೆ ಕನ್‌ಫ್ಯೂಸು, ಇದು ಎಲ್ಲದಕ್ಕಿಂತ ಜೋರು" ಎಂದ.

"ನಂಗೆ ಜೋರು ಬೇಡ ಕಣಪ್ಪ. ಈ ತಂಗಿ ಹಾಡ್ತಾಳೆ. ಇವಳ ಗಂಟಲ ಮೇಲೆ ಹತ್ಕೊಂಡು ಕೂತ್ರೆ ಅದೇನು ಸಂಗೀತ? ಪಕ್ಕದಲ್ಲಿ ನಿಲ್ಲೋ ಅಂಥದ್ದು ಬೇಕು" ಎಂದು ಹೇಳಿ ಆಪಾ ಹೊರಗೆ ಬಂದರು. ಒಬ್ಬ ಗಿಟಾರ್ ನುಡಿಸುವವಳು ತನ್ನ ಗಿಟಾರ್ ಹೊತ್ತು ಅಂಗಡಿಗೆ ಹೋದರೂ ಕಣ್ಣಿಗೆ ಬೀಳಬೇಕಾದರೆ ಇನ್ನೇನು ಹೊತ್ತು ಹೋಗಬೇಕಿತ್ತೋ ನನಗೆ ಇವತ್ತಿಗೂ ಗೊತ್ತಾಗಿಲ್ಲ.

ಯಾವ ಪಿಕಪ್ ಎಂಬುದಕ್ಕೆ ಉತ್ತರ ಸಿಕ್ಕಿದ್ದು ಎನ್. ಬೇಗೂರಿನ ಒಂದು ಮದುವೆಯಲ್ಲಿ. ವಧುವಿನ ಕಡೆಯಿಂದ ನಮ್ಮ ಆರ್ಕೆಸ್ಟ್ರಾ, ವರನ ಕಡೆಯಿಂದ ಗಡಿಯಾಚೆ ವಯನಾಡಿನ ಬ್ಯಾಂಡು. ಅವರ ಗಿಟಾರಿನವನು ನುಡಿಸತೊಡಗಿದಾಗ ಆಪಾ ತಟ್ಟೆಯಲ್ಲಿದ್ದ ಬಿರಿಯಾನಿ ಬಿಟ್ಟು ಎದ್ದುಹೋದರು. ಹಾಡುವವನ ದನಿಯೂ ಕೇಳುತ್ತಿತ್ತು, ಗಿಟಾರಿನ ಒಂದೊಂದು ತಂತಿಯೂ ಬೇರೆ ಬೇರೆಯಾಗಿ ಕೇಳುತ್ತಿತ್ತು. ಮುಗಿದ ಮೇಲೆ ಆಪಾ ಹೋಗಿ ಯಾವ ಪಿಕಪ್ ಎಂದು ಕೇಳಿದರು. ಆತ ಹೆಗಲಿನಿಂದ ಗಿಟಾರ್ ಇಳಿಸಿ ಇವರ ಕೈಗೆ ಕೊಟ್ಟ. "ಚೇಚೀ, ವಾಯಿಚ್ಚು ನೋಕ್ಕು" ಎಂದ. ಅಕ್ಕಾ, ನುಡಿಸಿ ನೋಡಿ ಅಂತ. ಹೆಂಗಸು, ಗಂಡಸು, ಯಾವ ಊರು, ಯಾವ ಜನ ಎಂಬ ಯಾವ ಪ್ರಶ್ನೆಯೂ ಅವನ ಮುಖದ ಮೇಲಿರಲಿಲ್ಲ. ಆಪಾ ನುಡಿಸಿದರು. ಕಣ್ಣು ಮುಚ್ಚಿ ಒಂದೇ ಸ್ವರವನ್ನು ಮೀಟಿ ಅದು ಪೂರ್ತಿ ಆರುವವರೆಗೂ ಕಾದರು. ಆತ ಪಿಕಪ್ಪಿನ ಹೆಸರನ್ನು ಅವರ ಮೊಬೈಲಿನಲ್ಲಿ ಬರೆದುಕೊಟ್ಟ. ಅಲ್ನಿಕೊ ಎಂಬ ಮಿಶ್ರಲೋಹದ ಅಯಸ್ಕಾಂತದ್ದು, ಹದವಾದ ಶಕ್ತಿಯದ್ದು, ಮೇಣದಲ್ಲಿ ಅದ್ದಿದ್ದು. ತಂತಿಗಳ ನಡುವಿನ ಅಂತರ ಅಳೆದು ತರಿಸಿ, ಇಲ್ಲದಿದ್ದರೆ ಪಿಕಪ್ಪಿನ ಸ್ಕ್ರೂಗಳು ತಂತಿಯ ಕೆಳಗೆ ನೇರ ಕೂರುವುದಿಲ್ಲ ಎಂದೂ ಹೇಳಿದ.

ಪಾರ್ಸೆಲ್ ಬಂತು. ಅಣ್ಣನ ಅಂಗಡಿಯಲ್ಲಿ, ಅರ್ಧ ಮುಗಿದ ಮಂಚದ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಗಿಟಾರ್ ಮಲಗಿಸಿದರು. ಅಣ್ಣ ಉಳಿಯಿಂದ ಪಿಕಪ್ ಕೂರುವ ಗುಂಡಿಯ ಅಂಚನ್ನು ಒಂದಿಷ್ಟು ಕೆತ್ತಿದರು, ಆಪಾ ಬೆಸುಗೆ ಹಾಕಿದರು, ನಾನು ಟಾರ್ಚ್ ಹಿಡಿದೆ. ಆಮೇಲೆ ಬೇಕೆಂದೇ ಸ್ಪೀಕರಿನ ಮುಂದೆಯೇ ನಿಂತು ಜೋರು ಮಾಡಿದರು. ವಿಷಲ್ ಇಲ್ಲ. ಆಪಾ ಸಣ್ಣ ಹುಡುಗಿಯ ಹಾಗೆ ಕುಣಿದರು. "ಇನ್ನು ಯಾರೂ ಏನೂ ಅನ್ನಂಗಿಲ್ಲ ಬುಡು!"

ಆ ರಾಜ್ಯೋತ್ಸವಕ್ಕೆ ಹೆಗ್ಗಡದೇವನಕೋಟೆಯಲ್ಲಿ ನಮ್ಮ ಕಾರ್ಯಕ್ರಮ. ಮೈದಾನದ ತುಂಬ ಜನ. ಸಂಜೆ ಆರಕ್ಕೆ ಶುರುವಾಯಿತು. ಆಪಾ ಕಾಲ ಬಳಿ ಅವರದೇ ಒಂದು ಚಿಕ್ಕ ಸ್ಪೀಕರ್ ಇರುತ್ತಿತ್ತು. ವೇದಿಕೆಯಲ್ಲಿರುವ ನಮಗೆ ಗಿಟಾರ್ ಕೇಳುತ್ತಿದ್ದುದು ಅದರಲ್ಲಿ. ಜನಕ್ಕೆ ಕೇಳುವುದು ಬೇರೆ ಸ್ಪೀಕರುಗಳಲ್ಲಿ, ಅದರ ಹಿಡಿತ ಮೈದಾನದ ಮಧ್ಯೆ ಮಿಕ್ಸರ್ ಮುಂದೆ ಕೂತ ಸೌಂಡಿನವನ ಕೈಯಲ್ಲಿ. ನನ್ನದಲ್ಲದ ಒಂದು ಹಾಡಿನ ಹೊತ್ತಿಗೆ ನೀರು ಕುಡಿಯಲೆಂದು ಕೆಳಗಿಳಿದು ಜನರ ಹಿಂದೆ ಹೋದೆ. ಅಲ್ಲಿಂದ ನೋಡಿದರೆ ಆಪಾ ಮೈಮರೆತು ನುಡಿಸುತ್ತಿದ್ದಾರೆ. ಕೇಳಿದರೆ, ಗಿಟಾರಿನ ಸದ್ದು ಬರುತ್ತಿರುವುದು ಕೀಬೋರ್ಡಿನಿಂದ. ಅವರ ಬೆರಳು ನಿಂತಾಗಲೂ ಸದ್ದು ನಿಲ್ಲುತ್ತಿರಲಿಲ್ಲ.

ಸೌಂಡಿನವನ ಬಳಿ ಓಡಿದೆ. "ಆಪಾ ಗಿಟಾರ್ ಎಲ್ಲಪ್ಪ?"

ಅವನು ತಲೆ ಕೆರೆದುಕೊಂಡ. "ಮಾಲೀಕರು ಯೋಳವ್ರೆ ಕಣಕ್ಕ, ಅದ್ನ ಮ್ಯಾಕೆ ಎತ್ತಬ್ಯಾಡ ಅಂತ. ನಾನೇನ್ ಮಾಡ್ಲಿ?"

"ಈಗ ವಿಷಲ್ ಇಲ್ವಲ್ಲ!"

"ವಿಷಲ್ ಇಲ್ಲ ಅಂತ ನಂಗೂ ಗೊತ್ತು ಬುಡಕ್ಕ."

ವೇದಿಕೆ ಹತ್ತಿ ಆಪಾ ಕಿವಿಯಲ್ಲಿ ಇಷ್ಟನ್ನೇ ಹೇಳಿದೆ. ಅವರು ನುಡಿಸುವುದನ್ನು ನಿಲ್ಲಿಸಿದರು. ಹಾಡು ಮುಗಿದು ಚಪ್ಪಾಳೆ ಬಿದ್ದ ಮೇಲೆ ಮುಂದಿನ ಹಾಡಿಗೆಂದು ನಾನು ಹಿಡಿದಿದ್ದ ಮೈಕು ತೆಗೆದುಕೊಂಡರು.

"ಹೆಗ್ಗಡದೇವನಕೋಟೆ ಜನಗಳೇ, ನನ್ನ ಗಿಟಾರ್ ನಿಮಗೆ ಕೇಳಿಸ್ತಾ?"

"ಹೋ!" ಎಂದರು ಜನ, ಅಭ್ಯಾಸದಂತೆ.

"ಕೇಳಿಸಿಲ್ಲ. ಈಗ ನೋಡಿ" ಎಂದು ಬಲಗೈಯಿಂದ ಎಲ್ಲ ತಂತಿಗಳನ್ನೂ ಒಮ್ಮೆಗೇ ಎಳೆದರು. ಮೈದಾನದ ಸ್ಪೀಕರುಗಳಲ್ಲಿ ಏನೂ ಬರಲಿಲ್ಲ. ಮೊದಲು ಗುಸುಗುಸು, ಆಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಅಜ್ಜಿ, "ಅವ್ವಯ್ಯಾ, ಅದ್ಯಾಕ್ ಅಂಗ್ ಮಾಡ್ಬುಟ್ಟವ್ರೆ? ಆಯಮ್ಮಂಗೆ ಸವಂಡ್ ಕೊಡ್ರೋ!" ಎಂದು ಕೂಗಿದಳು. ಹೆಂಗಸರ ಕಡೆಯಿಂದ ಶುರುವಾದ ಆ ಕೂಗು ಮೈದಾನಕ್ಕೆಲ್ಲ ಹಬ್ಬಿತು. ಸೌಂಡಿನವನು ಮಾಲೀಕರ ಕಡೆ ನೋಡಲೇ ಇಲ್ಲ. ಮಿಕ್ಸರಿನಲ್ಲಿ ಗಿಟಾರಿನ ಗುಂಡಿಯನ್ನು ಮೇಲಕ್ಕೆ ತಳ್ಳಿದ.

ಆಮೇಲೆ ಆಪಾ ನುಡಿಸಿದ್ದನ್ನು ನಾನು ಹೇಗೆ ಬರೆಯಲಿ? ಹಾಡಬೇಕಾದವಳು ನಾನು, ಅದನ್ನೇ ಕೇಳುತ್ತ ಎರಡನೆಯ ಚರಣದ ಸಾಲು ಮರೆತೆ. ಗಿಟಾರ್ ನನ್ನ ಪಕ್ಕದಲ್ಲಿ ನಿಂತು, ನಾನು ತಡವರಿಸಿದ ಕಡೆ ಕೈ ಹಿಡಿದು ದಾಟಿಸಿತು.

ಮುಗಿದ ಮೇಲೆ ವೇದಿಕೆಯ ಹಿಂದೆ ಮಾಲೀಕರು ಕೆಂಪಾಗಿದ್ದರು. "ನನ್ನ ಮಾನ ಕಳೆದ್ಬುಟ್ರಲ್ಲ ಆಪಾ!"

"ನಿಮ್ಮ ಮಾನದ ಸುದ್ದಿ ಆಮೇಲೆ. ನನ್ನ ಗಿಟಾರ್ ಯಾಕೆ ಮುಚ್ಚಿಟ್ರಿ ಅದು ಹೇಳಿ."

"ಹೆಂಗಸರು ಗಿಟಾರ್ ಹಿಡ್ಕಂಡ್ರೆ ಜನ ನೋಡಕ್ಕೆ ಬತ್ತಾರೆ. ನೀವು ನಿಂತಿದ್ರೆ ಸಾಕಿತ್ತು. ನುಡಿಸೋದ್ರಲ್ಲಿ ಎಲ್ಲಾದ್ರೂ ತಪ್ಪಿದ್ರೆ ತಂಡದ ಹೆಸರಲ್ವಾ ಹೋಗೋದು?"

"ನಾನು ಎಲ್ಲಿ ತಪ್ಪಿದೀನಿ? ಒಂದು ಕಡೆ ತೋರಿಸಿ."

ಮಾಲೀಕರು ಫೋನು ಕಿವಿಗಿಟ್ಟು ಆಚೆ ಹೋದರು. ಆಪಾ ಕೀಬೋರ್ಡಿನವನ ಕಡೆ ತಿರುಗಿದರು. "ಯಾವಾಗಿಂದ ಹಿಂಗೆ?"

ಅವನು ವೈರು ಸುತ್ತುತ್ತ ತಲೆ ಎತ್ತದೆ ಹೇಳಿದ. "ನೀವು ಸೇರ್ಕಂಡಾಗ್ಲಿಂದಾನೂ ಆಪಾ."

ಅಂದರೆ ವಿಷಲ್ ಒಂದು ನೆಪ. ತಿಂಗಳುಗಟ್ಟಲೆ ನಿದ್ದೆಗೆಟ್ಟು, ಅವಮಾನ ನುಂಗಿ, ಊರೂರು ಹುಡುಕಿ ಈಕೆ ಸರಿಪಡಿಸಿದ್ದು ಯಾರೂ ಕೇಳಬಯಸದ ಗಿಟಾರನ್ನು. ಅಂದು ವ್ಯಾನಿನಲ್ಲಿ ನಾನು ಅತ್ತೆ. ಆಪಾ ಅಳಲಿಲ್ಲ. "ಪಿಕಪ್ ಚೆನ್ನಾಗಿದೆ ಅಲ್ವೇನೇ?" ಎಂದು ಮಾತ್ರ ಕೇಳಿದರು.

ಮುಂದಿನ ಕಾರ್ಯಕ್ರಮಕ್ಕೆ ಅವರಿಗೆ ಕರೆ ಬರಲಿಲ್ಲ. ನಾನೂ ಹೋಗಲಿಲ್ಲ. ನಾವಿಬ್ಬರೇ ಸೇರಿ ನಾಮಕರಣ, ಶಾಲಾ ವಾರ್ಷಿಕೋತ್ಸವ ಎಂದು ಸಿಕ್ಕ ಕಡೆ ಹಾಡಿದೆವು, ನುಡಿಸಿದೆವು. ಶುರುವಿಗೆ ಮುಂಚೆ ನಮ್ಮಲ್ಲೊಬ್ಬರು ಕಡೇ ಸಾಲಿನ ಹಿಂದೆ ಹೋಗಿ ನಿಂತು ಇನ್ನೊಬ್ಬರದು ಅಲ್ಲಿಗೆ ಕೇಳಿಸುತ್ತಿದೆಯಾ ಎಂದು ನೋಡುವುದು ಆಪಾ ಮಾಡಿದ ನಿಯಮ. ನಾನು ಈಗಲೂ ಅದನ್ನು ಮಾಡದೆ ಹಾಡುವುದಿಲ್ಲ. ನನ್ನ ದನಿ ನನ್ನದೇ ಆಗಿ ಜನರನ್ನು ಮುಟ್ಟುತ್ತಿದೆ ಎಂಬ ಧೈರ್ಯ ಇದ್ದರೆ ಅದು ಅವರು ಕೊಟ್ಟಿದ್ದು.

ಹೋದ ವರ್ಷ ಎದೆನೋವು ಎಂದು ಕೂತವರನ್ನು ಅಣ್ಣ ಮೈಸೂರಿಗೆ ಕರೆದೊಯ್ಯುತ್ತಿದ್ದಾಗ ದಾರಿಯಲ್ಲೇ ಆಪಾ ಹೋಗಿಬಿಟ್ಟರು. ಅಂದು ಸಂಜೆಯೇ ಮಾಲೀಕರು ವಾಟ್ಸಾಪಿನಲ್ಲಿ ಶ್ರದ್ಧಾಂಜಲಿ ಹಾಕಿದರು. ಗಿಟಾರ್ ಹಿಡಿದ ಆಪಾ ಚಿತ್ರ, ಕೆಳಗೆ, "ನಮ್ಮ ವೇದಿಕೆಗೆ ಕಳೆ ತಂದಿದ್ದ ಆಪಾ ಇನ್ನಿಲ್ಲ."

ನಾನು ಫೋನು ಮಾಡಿದೆ. ಕಳೆ ಎಂದರೇನು, ವಾದಕಿ ಎಂದು ಬರೆಯಿರಿ ಎಂದೆ.

"ಒಳ್ಳೇ ಮಾತೇ ಹಾಕಿದೀವಲ್ಲಮ್ಮ, ಇಂಥ ಹೊತ್ತಲ್ಲಿ ಯಾಕೆ ಜಗಳ?" ಎಂದರು. ಬದಲಾಯಿಸಲಿಲ್ಲ.

ಅವರು ಬರೆಯದಿದ್ದರೆ ನಾನು ಬರೆಯುತ್ತೇನೆ. ಆಕೆ ಗಿಟಾರ್ ನುಡಿಸುತ್ತಿದ್ದರು.