ಹಗಲು ಮದುವೆಯ ಸೀರೆ

ಮೊನ್ನೆ ಗೆಳತಿಯೊಬ್ಬಳ ಹಿತ್ತಲಲ್ಲಿ ಹತ್ತಿಯ ಸೀರೆಗೆ ಗಂಜಿ ಹಾಕಿ ಹರವಿದ್ದರು. ಅರ್ಧ ಒಣಗಿದ ಗಂಜಿಯ ಆ ಹುಳಿ ವಾಸನೆ ಮೂಗಿಗೆ ಬಂದದ್ದೇ ತಡ, ಅವಳು ಹೇಳುತ್ತಿದ್ದ ಮಾತು ನನಗೆ ಕೇಳಿಸದಾಯಿತು. ಬೆಟಗೇರಿಯ ನಮ್ಮ ಮನೆ ದಿನಾ ಈ ವಾಸನೆಯಲ್ಲೇ ಏಳುತ್ತಿತ್ತು. ಗಂಜಿ ಹಚ್ಚಿದ ನೂಲನ್ನು ಓಣಿಯುದ್ದಕ್ಕೂ ಎಳೆದು ಕಟ್ಟಿರುತ್ತಿದ್ದರು. ಶಾಲೆಗೆ ಹೋಗುವಾಗ ಅದರ ಕೆಳಗೆ ಬಗ್ಗಿ ದಾಟುತ್ತಿದ್ದೆವು. ನಡುಮನೆಯಲ್ಲಿ ಅಜ್ಜನ ಕುಣಿಮಗ್ಗ. ನೆಲದ ಕುಣಿಯೊಳಗೆ ಕಾಲು ಇಳಿಬಿಟ್ಟು ಅವನು ಕೂತರೆ, ಅವನ ಮುಖ ನನ್ನ ಮುಖದ ಎತ್ತರಕ್ಕೇ ಬರುತ್ತಿತ್ತು. ಎದುರಿನ ಗೋಡೆಗೆ ಒಂದು ಪಟ: ಕನ್ನಡಕ, ದಪ್ಪ ಖಾದಿ ಅಂಗಿ, ನಗದ ತುಟಿ. ಹಿರಿಯರ ಹೆಸರು ಹಿಡಿದು ಕರೆಯಬಾರದೆಂದು ಮನೆಯಲ್ಲಿ ಎಲ್ಲರೂ ಆ ಪಟವನ್ನು ‘ದೊಡ್ಡವರು’ ಎನ್ನುತ್ತಿದ್ದರು. ದೇವರ ಜಗಲಿಗಿಂತ ಮೊದಲು ಅಲ್ಲಿಗೆ ದೀಪ ಹೋಗುತ್ತಿತ್ತು.

ಅಜ್ಜನ ಹರೆಯದಲ್ಲಿ, ಇನ್ನೂ ಬ್ರಿಟಿಷರಿದ್ದಾಗ, ಸುಧಾರಣೆಯ ಮಾತು ಹೇಳುತ್ತ ಊರೂರು ತಿರುಗುತ್ತಿದ್ದ ದೊಡ್ಡವರು ನಮ್ಮ ಓಣಿಗೆ ಬಂದಿದ್ದರಂತೆ. ಮಗ್ಗದ ಕಟ್ಟೆಯ ಮೇಲೆ ಕೂತು ರೊಟ್ಟಿ ತಿಂದರಂತೆ. ಆಗ ಗಂಡ ಸತ್ತ ಹೆಣ್ಣಿನ ಎರಡನೆಯ ಮದುವೆಯನ್ನು ನಮ್ಮ ಕಡೆ ‘ಉಡಿಕಿ’ ಎನ್ನುತ್ತಿದ್ದರು; ಕತ್ತಲಾದ ಮೇಲೆ, ವಾದ್ಯವಿಲ್ಲದೆ, ಯಾರೋ ಉಟ್ಟುಬಿಟ್ಟ ಸೀರೆ ಉಡಿಸಿ, ಹಿಂಬಾಗಿಲಿನಿಂದ ಕಳಿಸಿಬಿಡುತ್ತಿದ್ದರು. ದೊಡ್ಡವರು ಅಜ್ಜನನ್ನು ಕೇಳಿದ್ದಿಷ್ಟೇ: ಈ ಹೆಣ್ಣುಮಕ್ಕಳಿಗೆ ಹಗಲು ಯಾಕಿಲ್ಲ? ಅಂದಿನಿಂದ ಅಜ್ಜ ಒಂದು ನೇಮ ಹಿಡಿದ. ಗದಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಎಲ್ಲೇ ಆಗಲಿ, ವಿಧವೆಯೊಬ್ಬಳ ಮದುವೆಯನ್ನು ಹಗಲಲ್ಲಿ, ಹಂದರದ ಕೆಳಗೆ ಮಾಡುವುದಾದರೆ ಆಕೆಗೆ ಹೊಸ ಸೀರೆ ಅವನ ಮಗ್ಗದ್ದು. ತಾನೇ ನೇಯ್ದು, ಹೆಗಲ ಮೇಲೆ ಹಾಕಿಕೊಂಡು ಹೋಗಿ ಕೊಟ್ಟು ಬರುತ್ತಿದ್ದ. ನಾನು ಎಂ.ಎ. ಓದುವಾಗ ಸಮಾಜ ಸುಧಾರಣೆಯ ಪುಸ್ತಕಗಳಲ್ಲಿ ದೊಡ್ಡವರು ಸಿಕ್ಕರು, ಒಂದೆರಡು ಪುಟ. ಆ ಸೀರೆಗಳು ಸಿಗಲಿಲ್ಲ.

ಆ ಸೀರೆಗಳಿಗೆ ನೂಲು ಸುತ್ತಿದವಳು ರತ್ನತ್ತಿ, ಅಜ್ಜನ ಕೊನೆಯ ಮಗಳು. ಮದುವೆಯಾದ ವರ್ಷದಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದಿದ್ದಳು. ಅವಳ ಬೋಳು ಹಣೆ ನಮಗೆ ಎಷ್ಟು ರೂಢಿಯಾಗಿತ್ತೆಂದರೆ ಅಲ್ಲಿ ಏನೋ ಇರಬೇಕಿತ್ತು ಎಂದು ನನಗೆ ಎಂದೂ ಅನ್ನಿಸಿರಲಿಲ್ಲ. ಎಪ್ಪತ್ತರ ದಶಕದ ನಡುವಿನ ಒಂದು ಬೇಸಿಗೆಯಲ್ಲಿ ಶಿಗ್ಲಿಯಿಂದ ಗುರಪ್ಪ ಎಂಬವನು ಬಂದ. ಹೆಂಡತಿ ತೀರಿಕೊಂಡಿದ್ದಳು, ಹೊಲ ಇತ್ತು. ಕಟ್ಟೆಯ ಮೇಲೆ ಕೂತು, ಟೊಪ್ಪಿಗೆಯನ್ನು ಕೈಯಲ್ಲಿ ತಿರುಗಿಸುತ್ತ, “ನಿಮ್ಮ ಮಗಳನ್ನ ಹಗಲಾಗ ಕರಕೊಂಡು ಹೋಗ್ತೇನ್ರಿ” ಎಂದ. ರತ್ನತ್ತಿ ಬಾಗಿಲ ಹಿಂದೆ ನೂಲು ಸುತ್ತುತ್ತಿದ್ದಳು. ರಾಟೆಯ ಸದ್ದು ನಿಂತದ್ದು ನನಗೆ ನೆನಪಿದೆ. ಅಥವಾ ನಿಂತಿರಬೇಕು ಎಂದು ಆಮೇಲೆ ನಾನೇ ಸೇರಿಸಿಕೊಂಡೆನೋ. ಅಜ್ಜ ಆಗಲಿ ಎಂದ. ಮರುದಿನವೇ ಹಸಿರು ಹಾಸು, ಎಂದರೆ ಸೀರೆಯ ಉದ್ದ ಎಳೆಗಳನ್ನು, ಮಗ್ಗಕ್ಕೆ ಏರಿಸಿದ. ರತ್ನತ್ತಿ ಆ ವಾರ ಸುಮ್ಮಸುಮ್ಮನೆ ನಗುತ್ತಿದ್ದಳು. “ಅತ್ತಿ, ನಿನ್ನ ಸೀರಿಗೆ ನೀನ ನೂಲು ಸುತ್ತತೀಯಲ್ಲ, ನಾಚಿಕಿಲ್ಲೇನು?” ಎಂದು ಅಕ್ಕ ಕಾಡಿದರೆ, “ನಿನ್ನದಕ್ಕೂ ನಾನ ಸುತ್ತಬೇಕು, ಜಾಸ್ತಿ ಮಾತಾಡಿದಿ ಅಂದ್ರ ಸಿಕ್ಕು ಹಾಕಿ ಬಿಡ್ತೇನಿ ಲೇ” ಎನ್ನುತ್ತಿದ್ದಳು.

ಸೀರೆ ಅರ್ಧಕ್ಕೆ ಬಂದಾಗ ಅಕ್ಕ ಶಾಂತಾಳಿಗೆ ಲಕ್ಷ್ಮೇಶ್ವರದಿಂದ ವರ ಬಂತು. ಆ ಮನೆಯವರು ನೇರವಾಗಿ ಏನೂ ಅನ್ನಲಿಲ್ಲ. ಮನೆಯಲ್ಲಿ ಹಿಂಥಾದ್ದೊಂದು ಲಗ್ನ ನಡೆಯುವುದಿದೆಯಂತೆ, ಹೌದೇನು, ಎಂದು ಕೇಳಿದರಷ್ಟೇ. ಅಜ್ಜ ಗುರಪ್ಪನಿಗೆ ಹೇಳಿಕಳಿಸಿದ: ಹುಡುಗಿಯದೊಂದು ಮುಗಿಯಲಿ, ಆಮೇಲೆ. ಮಗ್ಗದ ಮೇಲೊಂದು ಹಳೆಯ ಪಂಚೆ ಮುಚ್ಚಿದ. ಹೊಟ್ಟೆಪಾಡಿಗೆ ಅಪ್ಪನ ಮಗ್ಗವಿತ್ತು, ಅದು ನಡೆಯಿತು. ನೂಲಿಗೆ ಬಣ್ಣ ಹಾಕುತ್ತಿದ್ದ ಹುಸೇನಸಾಬ ಅಜ್ಜನ ಜೀವದ ಗೆಳೆಯ. ಒಂದು ದಿನ ಬಣ್ಣದ ಕೈಯಲ್ಲೇ ಬಂದು ಪಂಚೆಯನ್ನು ಎತ್ತಿ ನೋಡಿದ.

“ಏನೋ ದೋಸ್ತ, ಊರ ಮಂದಿಗೆಲ್ಲ ಹಗಲು ತೋರಿಸಿದಿ. ನಿನ್ನ ಮನ್ಯಾಗ ಯಾಕ ಹೊತ್ತು ಮುಳಗೇತಿ?”

“ಶಾಂತಾನ ಲಗ್ನ ಮುರದ್ರ ಏನ್ ಮಾಡ್ಲಿ, ನೀನ ಹೇಳು.”

“ನಾ ಏನ್ ಹೇಳಲೋ? ಅಲ್ಲಿ ಗ್ವಾಡಿ ಮ್ಯಾಲ ಕುಂತಾರಲ್ಲ, ಅವರನ್ನ ಕೇಳು.”

ಅಜ್ಜ ಪಟದ ಕಡೆ ನೋಡಲಿಲ್ಲ. ಅಕ್ಕನ ಮದುವೆಯಾಯಿತು. ಆಮೇಲೆ ಅಕ್ಕನ ಬಾಣಂತನ, ಆಮೇಲೆ ಅಪ್ಪನ ಕಾಯಿಲೆ. ಪ್ರತಿ ಸಲವೂ ‘ಆಮೇಲೆ’ ಎಂಬುದಕ್ಕೆ ಒಂದು ಕಾರಣ ಸಿಕ್ಕಿತು. ಗುರಪ್ಪ ಕಾದ. ಕೊನೆಗೆ ಬೆಳ್ಳಟ್ಟಿಯ ಹೆಣ್ಣೊಂದನ್ನು ಮಾಡಿಕೊಂಡನೆಂದು ಸಂತೆಗೆ ಬಂದವರು ಹೇಳಿದರು. ಆ ದಿನವೂ ರತ್ನತ್ತಿ ಗಂಜಿ ಕಾಸಿದಳು. ತಳ ಹಿಡಿದು ಮನೆಯೆಲ್ಲ ಸೀದ ವಾಸನೆ. ಯಾರೂ ಅವಳನ್ನು ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಅಳಲು ಒಂದು ನೆಪವಾದರೂ ಸಿಗುತ್ತಿತ್ತೇನೋ.

ಅಕ್ಕ ಇದನ್ನೆಲ್ಲ ಒಪ್ಪುವುದಿಲ್ಲ. “ನನ್ನ ಲಗ್ನದ ಸಲುವಾಗಿ ಅಲ್ಲ ಅದು, ಗುರಪ್ಪನ ಮಂದೀನ ಹಿಂದ ಸರದ್ರು. ನೀ ಸಣ್ಣಾಕಿ ಇದ್ದಿ, ನಿನಗೇನ್ ಖಬರ?” ಎನ್ನುತ್ತಾಳೆ. ಇರಬಹುದು. ಅವಳಿಗೆ ಬದುಕಲು ಆ ನೆನಪು ಬೇಕು. ನನಗೂ ಯಾಕೋ ಈ ನೆನಪು ಬೇಕು. ಅಜ್ಜನನ್ನು ಹೇಡಿಯೆಂದು ಕರೆದುಬಿಡುವುದು ಇವತ್ತು ಕುರ್ಚಿಯ ಮೇಲೆ ಕೂತ ನನಗೆ ಸುಲಭ. ಅಷ್ಟೊಂದು ಹಂದರಗಳ ಕೆಳಗೆ ಧೈರ್ಯವಾಗಿ ನಿಂತವನಿಗೆ ತನ್ನ ಹೊಸ್ತಿಲಲ್ಲಿ ನಿಲ್ಲಲಾಗಲಿಲ್ಲ. ಅಷ್ಟು ಮಾತ್ರ ಗೊತ್ತು. ಸಾಯುವ ಮುಂಚೆ ಅವನು ಆಡಿದ ಮಾತಿನ ಬಗ್ಗೆ ಅಕ್ಕನಿಗೂ ನನಗೂ ತಕರಾರಿಲ್ಲ: “ಆ ಹಾಸು ಕೊಯ್ಯಬ್ಯಾಡ್ರಿ.”

ಅಜ್ಜ ಹೋದ ಮೇಲೆ, ಎಂಬತ್ತರ ದಶಕದ ಆರಂಭದಲ್ಲಿ, ಮುಂಡರಗಿಯಿಂದ ಒಬ್ಬ ಗೃಹಸ್ಥರು ಬಂದರು. ಗಂಡ ಸತ್ತ ತಂಗಿಯ ಮದುವೆಯಂತೆ, ಹಗಲಲ್ಲಿ. “ಇಲ್ಲೆ ಸೀರಿ ಕೊಡ್ತಾರಂತ ಕೇಳಿದ್ವಿ” ಎಂದರು ಸಂಕೋಚದಿಂದ. ಅಪ್ಪ ಕೈಮುಗಿದು, “ನೇಯೋ ಹಿರ್‍ಯಾ ಹೋಗ್ಯಾನ್ರಿ, ಆ ಪದ್ಧತಿ ಅವನ ಹಿಂದ ಹೋತು” ಎಂದ. ಆಗ ರತ್ನತ್ತಿ ಒಳಗಿನಿಂದ ಬಂದಳು. “ಕುಂಡ್ರಿ ಅಣ್ಣಾರ, ಚಾ ಕುಡೀರಿ. ಲಗ್ನದ ಹೊತ್ತಿಗೆ ಸೀರಿ ಬರ್ತೈತಿ.” ನಮ್ಮ ಮನೆಯ ಹೆಂಗಸರು ನೂಲು ಸುತ್ತುತ್ತಿದ್ದರು, ಮಗ್ಗಕ್ಕೆ ಇಳಿಯುತ್ತಿರಲಿಲ್ಲ. ಅಜ್ಜನ ಪಕ್ಕದಲ್ಲಿ ಕೂತು ನೋಡಿಯೇ ಕಲಿತಿದ್ದ ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಪಂಚೆ ಎತ್ತಿ ಧೂಳು ಜಾಡಿಸಿ, ಅಜ್ಜನ ಕುಣಿಗೆ ಇಳಿದಳು. ಕಡಿದ ಎಳೆಗಳನ್ನು ಒಂದೊಂದಾಗಿ ಗಂಟು ಹಾಕಿದಳು. ಅಡ್ಡ ಎಳೆಯನ್ನು ಒತ್ತಿ ಕೂರಿಸುವ ಅವಳ ಪೆಟ್ಟು ಅಜ್ಜನದಕ್ಕಿಂತ ಗಟ್ಟಿ. ಅವನು ಬಿಟ್ಟಲ್ಲಿಂದ ಅವಳು ಹಿಡಿದ ಕಡೆ ಸೀರೆಯ ಅಡ್ಡಕ್ಕೆ ಒಂದು ಗೆರೆ ಬಿತ್ತು, ಆಚೆ ತೆಳು, ಈಚೆ ಒತ್ತು. ತಿಕ್ಕಿ ನೋಡಿದಳು, ಹೋಗಲಿಲ್ಲ.

ಮದುವೆಗೆ ನಾನೂ ಅವಳ ಜೊತೆ ಬಸ್ಸಿನಲ್ಲಿ ಹೋದೆ. ಸೀರೆ ಉಡಿಸಲು ಮುತ್ತೈದೆಯೊಬ್ಬಳನ್ನು ಕರೆಯುತ್ತಿದ್ದಾಗ ಮದುವಣಗಿತ್ತಿ, “ಬ್ಯಾಡ. ತಂದಾರಲ್ಲ, ಅವ್ರ ಉಡಸ್ಲಿ” ಎಂದಳು. ರತ್ನತ್ತಿ ಕೈಯನ್ನು ಸೆರಗಿಗೆ ಒರೆಸಿಕೊಂಡಳು. ಆಮೇಲೆ ಉಡಿಸಿದಳು. ಅಜ್ಜ ನೇಯ್ದ ಭಾಗ ಸೊಂಟದ ಒಳಸುತ್ತಿಗೆ ಹೋಯಿತು. ಅವಳು ನೇಯ್ದದ್ದು ಹೆಗಲ ಮೇಲೆ ಸೆರಗಾಗಿ ಬಂತು.

ಈಗ ರತ್ನತ್ತಿ ಇಲ್ಲ. ಹುಸೇನಸಾಬ ಇಲ್ಲ. ಕುಣಿಯನ್ನು ಮುಚ್ಚಿ ಮೇಲೆ ಕಲ್ಲು ಹಾಸಿದ್ದಾರೆ, ನಡೆದರೆ ಗೊತ್ತೇ ಆಗುವುದಿಲ್ಲ. ದೊಡ್ಡವರ ಪಟ ಯಾರ ಪಾಲಿಗೆ ಹೋಯಿತೆಂದು ಅಕ್ಕನಿಗೂ ನೆನಪಿಲ್ಲ. ಗಂಜಿಯ ವಾಸನೆ ಬಂದಾಗ ಮಾತ್ರ ನಾನು ಮುಂಡರಗಿಯ ಆ ಹಂದರದ ಹೊರಗೆ ಹೋಗಿ ನಿಲ್ಲುತ್ತೇನೆ. ಊಟ ಮುಗಿಸಿ ಬಸ್ಸಿಗೆ ಹೊರಟಿದ್ದೆವು, ನೆತ್ತಿಯ ಮೇಲೆ ಉರಿಬಿಸಿಲು. ರತ್ನತ್ತಿ ಕಣ್ಣು ಕಿರಿದು ಮಾಡಿ ಹಿಂತಿರುಗಿ ಒಮ್ಮೆ ನೋಡಿದಳು. “ಹಗಲು ಭಾಳ ಚಂದ ಇತ್ತಲ್ಲವ್ವಾ” ಎಂದಳು. ಆಮೇಲೆ ಬಿಸಿಲಿಗೆಂದು ತನ್ನ ಮಾಸಿದ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.